ಕಲ್ಲಿನ ಮೇಲಿನ ಕೈ

ನಾನು ನಿಂತಿದ್ದದ್ದು ಕಲ್ಲಿನ ಕೋಣೆಯ ಹೊಸ್ತಿಲಿನಿಂದ ಒಳಗೆ ಮೂರು ಹೆಜ್ಜೆಯಲ್ಲಿ, ಅಚ್ಚಿನ ಮೇಜಿನ ಎಡಮಗ್ಗುಲಿಗೆ. ಎಡಗೈ ಮೇಜಿನ ಅಂಚನ್ನು ಹಿಡಿದಿತ್ತು, ಬಲಗೈ ಬಿಡುವಾಗಿತ್ತು. ಮಧ್ಯಾಹ್ನದ ಊಟ ಮುಗಿದಿತ್ತು. ಇಳಿಹೊತ್ತಿನ ನಮಾಜಿನ ಕೂಗು ಇನ್ನೂ ಕೇಳಿರಲಿಲ್ಲ. ಹಿತ್ತಲ ಕಡೆಯ ಕಿಟಕಿಯಿಂದ ಬಿದ್ದ ಬಿಸಿಲಿನ ಪಟ್ಟಿ ನೆಲದ ಫರಸಿಕಲ್ಲುಗಳ ಎರಡನೆಯ ಸಂದಿಯನ್ನು ಮುಟ್ಟಿತ್ತು, ಮೂರನೆಯದನ್ನು ಮುಟ್ಟಿರಲಿಲ್ಲ. ಊರು ಕಲಬುರ್ಗಿ, ಶಹಾಬಜಾರದ ಓಣಿಯಲ್ಲಿ ನಮ್ಮ ಮನೆ, ಆಳುತ್ತಿದ್ದವರು ನಿಜಾಮರು. ನನಗೆ ಹನ್ನೊಂದು ತುಂಬಿರಲಿಲ್ಲ. ಇಷ್ಟನ್ನು ಆಣೆ ಇಟ್ಟು ಹೇಳಬಲ್ಲೆ. ಮುಂದೆ ಹೇಳುವುದರಲ್ಲಿ ಕಣ್ಣಾರೆ ಕಂಡದ್ದು ಯಾವುದು, ಆಮೇಲೆ ಊಹಿಸಿದ್ದು ಯಾವುದು ಎಂದು ಬೇರೆ ಮಾಡಿಯೇ ಹೇಳುತ್ತೇನೆ. ಒಮ್ಮೆ ಹಾಗೆ ಮಾಡದೆ ಒಬ್ಬಳ ಕೈಯಿಂದ ಲೇಖನಿ ಕಸಿದುಕೊಂಡವಳು ನಾನು.

ಮನೆ ಉದ್ದಕ್ಕೆ ಹಿಂದಕ್ಕೆ ಹೋಗುತ್ತಿತ್ತು. ಓಣಿಗೆ ಮುಖಮಾಡಿ ಒಂದು ಕಲ್ಲಿನ ಕಟ್ಟೆ, ಅದರ ಮೇಲೆ ಬಿಸಿಲಿಗೆ ಕಟ್ಟಿದ ತಟ್ಟಿ. ಕಟ್ಟೆ ದಾಟಿದರೆ ಪಡಸಾಲೆ. ಪಡಸಾಲೆಯ ಎಡಕ್ಕೆ ಅಪ್ಪನ ಛಾಪಖಾನೆ. ಮನೆಯವರ ಬಾಯಲ್ಲಿ ಅದು ಕಲ್ಲಿನ ಕೋಣೆ. ಪಡಸಾಲೆಯ ಹಿಂದೆ ಅಡುಗೆ ಮನೆ, ಕೊನೆಗೆ ಹಿತ್ತಲು, ಹಿತ್ತಲಲ್ಲಿ ನಾವು ಕುಡಿಯುವ ನೀರಿನ ಬಾವಿ. ಕಲ್ಲಿನ ಕೋಣೆಯ ಒಂದೇ ಕಿಟಕಿ ಆ ಬಾವಿಯ ಕಡೆಗೆ ತೆರೆಯುತ್ತಿತ್ತು. ಓಣಿಯ ಪಕ್ಕದಿಂದ ಹಿತ್ತಲಿಗೆ ಬರಲು ಒಂದು ಸಣ್ಣ ಬಾಗಿಲೂ ಇತ್ತು. ಕಸ ಹೊರಹಾಕಲು ಮಾಡಿದ್ದು, ಹಗಲೆಲ್ಲ ಅಗುಳಿ ಇಲ್ಲದೆ ಇರುತ್ತಿತ್ತು.

ಅಪ್ಪನದು ಕಲ್ಲಚ್ಚು. ಸೀಸದ ಮೊಳೆಗಳಿಲ್ಲ. ಗಂಜಿ ಬಳಿದ ಹಳದಿ ಕಾಗದದ ಮೇಲೆ ಜಿಡ್ಡಿನ ಮಸಿಯಿಂದ ಪುಟವನ್ನು ಕೈಯಲ್ಲೇ ಬರೆಯಬೇಕು. ಆ ಕಾಗದವನ್ನು ಬೆಚ್ಚಗೆ ಮಾಡಿದ ಕಲ್ಲಿನ ಮೇಲೆ ಕವುಚಿ ಒತ್ತಿದರೆ ಅಕ್ಷರಗಳು ಕಾಗದ ಬಿಟ್ಟು ಕಲ್ಲಿಗೆ ಹತ್ತುತ್ತವೆ, ಕನ್ನಡಿಯಲ್ಲಿ ಕಂಡಂತೆ ತಿರುಗಿ. ಆಮೇಲೆ ಗೋಂದಿನ ನೀರು ಸವರಬೇಕು. ಕಲ್ಲಿಗೆ ನೀರು ಹಚ್ಚಿ ಮಸಿಯ ಉರುಳೆ ಎಳೆದರೆ, ಜಿಡ್ಡು ಇದ್ದಲ್ಲಿ ಮಾತ್ರ ಮಸಿ ಕೂಡುತ್ತದೆ. ಅದರ ಮೇಲೆ ಕಾಗದ ಒತ್ತಿದರೆ ಅಕ್ಷರ ಮತ್ತೆ ನೆಟ್ಟಗಾಗಿ ಬರುತ್ತದೆ. ಗೋಂದು ಸವರುವ ತನಕ ಆ ಕಲ್ಲು ಯಾವ ಜಿಡ್ಡನ್ನಾದರೂ ಹಿಡಿದುಕೊಳ್ಳುತ್ತದೆ. ಬರೆದವರ ಮಸಿ, ಮುಟ್ಟಿದವರ ಬೆವರು ಎಂಬ ಭೇದ ಅದಕ್ಕಿಲ್ಲ. ಅದಕ್ಕೇ ಅಪ್ಪ ಒಂದು ಕಟ್ಟಳೆ ಮಾಡಿದ್ದ. ಆ ಕೋಣೆಗೆ ಹೋಗುವ ಯಾರೇ ಆಗಲಿ ಕಡಲೆ ಹಿಟ್ಟು ಹಚ್ಚಿ ಕೈ ತೊಳೆಯಬೇಕು, ಎರಡೂ ಅಂಗೈ ಅಪ್ಪನ ಮುಂದೆ ಚಾಚಬೇಕು. ಅಪ್ಪ ಬಗ್ಗಿ ಮೂಸಿ ನೋಡಿ ಒಳಗೆ ಬಿಡುತ್ತಿದ್ದ. ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ಯಾರಿಗೂ ಪ್ರವೇಶವಿಲ್ಲ. ಹೀಗೆ ನಮ್ಮ ಮನೆಯಲ್ಲಿ ಎರಡು ಮಡಿಗಳಿದ್ದವು: ಅಪ್ಪನದು ಒಂದು, ಅಪ್ಪನ ತಾಯಿ, ನಮ್ಮ ಆಯಿಯದು ಇನ್ನೊಂದು. ಆಯಿಯ ಮಡಿ ಕಟ್ಟೆಯಿಂದಲೇ ಶುರುವಾಗುತ್ತಿತ್ತು.

ಹೊಟ್ಟೆಗಾಗಿ ಅಪ್ಪ ಅಚ್ಚು ಹಾಕುತ್ತಿದ್ದದ್ದು ಉರ್ದು ಕಾಗದ: ಕಚೇರಿಯ ನಮೂನೆಗಳು, ಲಗ್ನದ ಕರೆಯೋಲೆ, ಔಷಧಿಯ ಜಾಹೀರಾತು. ಅವನ್ನು ಬರೆಯಲು ಖಾದರ್ ಮುನ್ಷಿ ಇದ್ದರು, ಪಡಸಾಲೆಯ ಗೋಡೆಗೆ ಒರಗಿ ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು ದಿನವಿಡೀ ಬರೆಯುವವರು. ಅಪ್ಪನ ಆಸೆ ಬೇರೆ ಇತ್ತು. ಶಾಲೆಯೂ ಉರ್ದು, ಕಚೇರಿಯೂ ಉರ್ದು ಇದ್ದ ಕಾಲದಲ್ಲಿ ಕನ್ನಡದ ಕತೆಪುಸ್ತಕಗಳನ್ನು ತಾನೇ ಹೊರತರಬೇಕು. ಯಾವ ಮಠದ ಹಂಗೂ, ಯಾವ ದೊರೆಯ ದಾನವೂ ಬೇಡ. ಕತೆಯಲ್ಲಿ ದೊಡ್ಡವರು ಬಡವರಿಗೆ ಕರುಣೆ ತೋರಿಸುವುದೂ ಬೇಡ. ತುಳಿಸಿಕೊಂಡವನು ತಾನೇ ಹೇಳಿದ್ದು ಬೇಕು ಎನ್ನುತ್ತಿದ್ದ. ಅಂಥ ಮೊದಲನೆಯ ಪುಸ್ತಕ ನನ್ನ ಕೈಬರಹದಲ್ಲಿ ಬರುತ್ತದೆಂದು ನನಗೆ ಮಾತು ಕೊಟ್ಟಿದ್ದ. ಒಂದು ವರ್ಷ ಮುನ್ಷಿಗಳ ಪಕ್ಕ ಕೂತು ಬೋರಿನ, ಅಂದರೆ ಜೊಂಡಿನ, ಲೇಖನಿ ಹಿಡಿಯುವುದನ್ನು ಕಲಿತೆ. ಮುನ್ಷಿಗಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಆದರೆ ಅಕ್ಷರದ ಮೈಕಟ್ಟು ತಿಳಿಯುತ್ತಿತ್ತು. ಸಂಜೆ ಅಪ್ಪ ನನ್ನ ಹಾಳೆಗಳನ್ನು ದೀಪದ ಬಳಿ ಹಿಡಿದು ನೋಡುತ್ತಿದ್ದ. ಅವನ ಮುಖವನ್ನು ನಾನು ನೋಡುತ್ತಿದ್ದೆ. ಆ ಒಂದು ವರ್ಷ ನನ್ನ ಬದುಕಿನಲ್ಲಿ ಅದಕ್ಕಿಂತ ದೊಡ್ಡದು ಏನೂ ಇರಲಿಲ್ಲ.

ಸಾಯಬಣ್ಣ ಬಂದದ್ದು ಚಳಿಗಾಲದಲ್ಲಿ, ಕಮಲಾಪುರದಿಂದ. ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುವಾಗ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಅದೇ ಗಿರಣಿಯ ಯಂತ್ರಕ್ಕೆ ಬಲಗೈಯ ಮೂರು ಬೆರಳು ಕೊಟ್ಟು ಊರಿಗೆ ಮರಳಿ, ಒಬ್ಬರ ಬಾಳೆತೋಟ ಕಾಯುತ್ತಿದ್ದವನು. ಊರ ಹೊರಗಿನ ಕೇರಿಯವನು. ಓಣಿಯಲ್ಲಿ ನಿಂತೇ ಮಾತಾಡಿದ. ಹೆಗಲ ಮೇಲೆ ಕಮಲಾಪುರದ ಕೆಂಬಾಳೆಯ ಒಂದು ಗೊನೆ, ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ಕಾಗದದ ಕಟ್ಟು. ಹಿಂದೆ ನನ್ನದೇ ಎತ್ತರದ ಒಬ್ಬ ಹುಡುಗಿ.

"ಧಣೇರ, ನೀವು ಕತಿ ಛಾಪಸ್ತೀರಂತ ಸೊಲ್ಲಾಪುರದಾಗ ಕೇಳಿದ್ದೆ. ನಾ ನಾಕು ಕತಿ ಕಟ್ಟೀನ್ರೀ."

"ಧಣಿ ಅನಬ್ಯಾಡೋ ಮಾರಾಯ, ಅಣ್ಣಾ ಅನ್ನು. ಮ್ಯಾಲ ಬಾ, ಕಟ್ಟಿ ಮ್ಯಾಲ ಕೂಡು."

"ಆಗ್ಲಿ ಧಣೇರ," ಎಂದು ಕಟ್ಟೆಯ ತುದಿಯಲ್ಲಿ ಕೂತ. ಅಪ್ಪ ನಕ್ಕ. ಮುಂದೆ ಅವನು ಬಂದಾಗಲೆಲ್ಲ ಈ ಮಾತು ಹೀಗೆಯೇ ನಡೆಯುತ್ತಿತ್ತು. ಅಪ್ಪ ತಿದ್ದುವುದು, ಅವನು ಒಪ್ಪಿ ಮತ್ತೆ ಅದನ್ನೇ ಅನ್ನುವುದು.

ಅಪ್ಪ ಅಲ್ಲಿಯೇ ಮೊದಲನೆಯ ಕತೆಯನ್ನು ಗಟ್ಟಿಯಾಗಿ ಓದಿದ. ಬಾಳೆತೋಟದ ಕೂಲಿ ಹೆಂಗಸೊಬ್ಬಳು ಗೊನೆ ಹೊತ್ತು ಊರೊಳಗೆ ಮಾರಲು ಬರುತ್ತಾಳೆ. ಕೊಂಡವರು ಹಣ್ಣಿನ ಮೇಲೆ ನೀರು ಚಿಮುಕಿಸಿ ಒಳಗೆ ಒಯ್ಯುತ್ತಾರೆ. ಮನೆಗೆ ಬಂದು ಅವಳ ಸಣ್ಣ ಮಗ ಕೇಳುತ್ತಾನೆ: ಎವ್ವಾ, ಸಿಪ್ಪಿ ಒಗ್ಯೋದೇ ಆದರ ಸಿಪ್ಪಿ ಯಾಕ ತೊಳೀತಾರ? ಅಪ್ಪ ಈ ಸಾಲು ಓದುವ ಹೊತ್ತಿಗೆ ಆಯಿ ಒಳಗಿನಿಂದ ತಂಬಿಗೆ ತಂದು, ಕಟ್ಟೆಯ ಮೇಲಿದ್ದ ಗೊನೆಗೆ ನೀರು ಚಿಮುಕಿಸಿ ಎತ್ತಿಕೊಂಡು ಹೋದಳು. ಅವಳು ಕತೆಗೆ ಕಿವಿ ಕೊಟ್ಟಿರಲಿಲ್ಲ. ಅಪ್ಪ ಓದು ನಿಲ್ಲಿಸಿದ. ಸಾಯಬಣ್ಣ ತನ್ನ ಮೊಂಡು ಕೈಯನ್ನು ನೋಡಿಕೊಂಡ. ಹುಡುಗಿ ಮಾತ್ರ ಕಿಸಕ್ಕೆಂದು ನಕ್ಕಳು. ಅವಳ ಅಪ್ಪ ಗದರಿದ.

ಅಪ್ಪ ಕಾಗದವನ್ನು ತಿರುಗಿಸಿ, ಮತ್ತೆ ತಿರುಗಿಸಿ ನೋಡತೊಡಗಿದ. ಕತೆಯನ್ನಲ್ಲ, ಅಕ್ಷರವನ್ನು.

"ಇದು ಯಾರ ಕೈ?"

"ನನ್ನ ಬಳ್ಳು ಹೋಗ್ಯಾವಲ್ಲರೀ. ನಾ ಹೇಳ್ತೀನಿ, ಈಕಿ ಬರೀತಾಳ. ಚಂದಮ್ಮ, ನನ್ನ ಮಗಳು. ನಾ ಎಡಗೈಲೆ ಗೀಚೋದು ನೋಡಿ ಈಕಿನೂ ಎಡಗೈಲೆ ಕಲ್ತಾಳ. ತಪ್ಪ ತಿಳಕೋಬ್ಯಾಡ್ರಿ."

ಅಪ್ಪ ಆ ಹಾಳೆಯನ್ನು ಮುನ್ಷಿಗಳಿಗೆ ಒಯ್ದು ತೋರಿಸಿದ. ಮುನ್ಷಿಗಳು ಕನ್ನಡಕ ಏರಿಸಿದರು, ಇಳಿಸಿದರು.

"ವಾಹ್ ಮಾಲಕ್! ಓದಾಕ ಬರಂಗಿಲ್ಲ ನನಗ, ಆದರ ಈ ಪೋರಿ ಕೈಯಾಗ ಮೋತಿ ಪೋಣಿಸ್ದಂಗ ಅದ ನೋಡ್ರಿ!"

ಒಂದು ವರ್ಷದಲ್ಲಿ ಮುನ್ಷಿಗಳು ನನಗೆ ಹೇಳಿದ್ದ ಅತಿ ದೊಡ್ಡ ಮಾತು 'ಠೀಕ್ ಹೈ'. ನಾನು ಪಡಸಾಲೆಯ ಕಂಬದ ಬಳಿ ನಿಂತಿದ್ದೆ. ಎದೆಯ ಕೆಳಗೆ, ಎಡಗಡೆ, ಯಾರೋ ಬಟ್ಟೆ ಹಿಂಡಿದಂತಾಯಿತು. ಆ ಜಾಗ ಎಲ್ಲಿ ಎಂದು ಇವತ್ತೂ ಬೆರಳಿಟ್ಟು ತೋರಿಸಬಲ್ಲೆ.

ಮಾರನೆಯ ವಾರದಿಂದ ಚಂದಮ್ಮ ದಿನವೂ ಬಂದಳು. ಊರ ಹೊರಗಿನ ಕೇರಿಯಲ್ಲಿ ಅವಳ ಸೋದರತ್ತೆ ಇದ್ದಳು, ಮಗಳನ್ನು ಅಲ್ಲಿ ಇಟ್ಟು ಸಾಯಬಣ್ಣ ಕಮಲಾಪುರಕ್ಕೆ ಹೋದ. ಬೆಳಿಗ್ಗೆ ಬಂದು ತಟ್ಟಿಯ ಕೆಳಗೆ ಕಟ್ಟೆಯ ಮೇಲೆ ಕೂಡುತ್ತಿದ್ದಳು. ಎಡಗೈಯಲ್ಲಿ ಬರೆದರೆ ಹಸಿ ಮಸಿಯ ಮೇಲೆ ಕೈ ಆಡಿ ಅಕ್ಷರ ಅಳಿಸಿಹೋಗಬೇಕಷ್ಟೆ. ಅವಳು ಹಲಗೆಯನ್ನು ಅಡ್ಡಕ್ಕೆ ತಿರುಗಿಸಿಕೊಂಡು, ಸಾಲನ್ನು ಮೇಲಿನಿಂದ ತನ್ನ ಕಡೆಗೆ ಎಳೆದಂತೆ ಬರೆಯುತ್ತಿದ್ದಳು. ಒಂದು ಕಲೆ ಇಲ್ಲ. ಮಧ್ಯಾಹ್ನ ಅವ್ವ ಮುತ್ತುಗದ ಎಲೆಯ ಮೇಲೆ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಇಟ್ಟು ಕಟ್ಟೆಯ ತುದಿಗೆ ಸರಿಸುತ್ತಿದ್ದಳು. ನೀರನ್ನು ಮೇಲಿನಿಂದ ಹೊಯ್ಯುತ್ತಿದ್ದಳು, ಚಂದಮ್ಮ ಬೊಗಸೆಯೊಡ್ಡಿ ಕುಡಿಯುತ್ತಿದ್ದಳು. ಅವಳು ಬರೆದ ಹಾಳೆ ಒಳಗೆ ಬರುತ್ತಿತ್ತು, ಕಲ್ಲಿಗೆ ಹತ್ತುತ್ತಿತ್ತು. ಅವಳು ಕಟ್ಟೆ ದಾಟುವಂತಿರಲಿಲ್ಲ. ಇದರಲ್ಲಿ ವಿಚಿತ್ರವೇನಾದರೂ ಇದೆ ಎಂದು ನನಗೆ ಆಗ ಅನ್ನಿಸಲಿಲ್ಲ. ಅಪ್ಪನಿಗೆ ಅನ್ನಿಸಿತ್ತೇ ಎಂದು ನಾನು ಹೇಳಲಾರೆ. ಅವನು ಆಯಿಯನ್ನು ಎದುರು ಹಾಕಿಕೊಂಡದ್ದನ್ನು ನಾನು ಕಂಡಿಲ್ಲ.

ನನಗೆ ಕಂಡದ್ದು ಬೇರೆ. ಅಪ್ಪ ದಿನಕ್ಕೆ ಏಳೆಂಟು ಸಲ ಕಟ್ಟೆಗೆ ಹೋಗುತ್ತಿದ್ದ. ಹೊಸ್ತಿಲ ಮೇಲೆ ಕೂತು ಅವಳ ಹಾಳೆಯನ್ನು ಎರಡು ಕೈಯಲ್ಲಿ ಹಿಡಿಯುತ್ತಿದ್ದ, ನನ್ನದನ್ನು ಒಂದೇ ಕೈಯಲ್ಲಿ ಹಿಡಿಯುತ್ತಿದ್ದವನು. ಅವಳು ಏನೋ ಅನ್ನುತ್ತಿದ್ದಳು, ಅಪ್ಪ ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದ. ಆ ನಗು ಊಟದ ಹೊತ್ತಿನಲ್ಲಿ ನಮಗೆ ಬರುತ್ತಿರಲಿಲ್ಲ. ಒಂದು ದಿನ ಹಿತ್ತಲ ಗೋಡೆಯ ಮರೆಯಲ್ಲಿ ಕೂತು ನಾನೂ ಇದ್ದಲಿನಿಂದ ಎಡಗೈಯಲ್ಲಿ ಬರೆದು ನೋಡಿದೆ. ಆಯಿ ಕಂಡು ಕೈಗೆ ಒಂದು ಬಾರಿಸಿದಳು.

"ಎಡಗೈ ಎದಕ್ಕದ ಗೊತ್ತಿಲ್ಲೇನ? ಆಕಿನ ನೋಡಿ ಕಲ್ತಿ ಹೌದಿಲ್ಲ? ನಾಳಿ ಆಕಿ ಕೂಡ ಎಲಿ ಮ್ಯಾಲ ಉಣ್ಣಾಕ ಕೂಡು!"

ಚಂದಮ್ಮ ನನ್ನನ್ನು ದ್ವೇಷಿಸಿದ್ದರೆ ಸುಲಭವಿತ್ತು. ಅವಳಿಗೆ ನಾನೆಂದರೆ ಕುತೂಹಲ.

"ನೀಲಾ, ನೀನೂ ಬರೀತೀ ಅಂತಲ್ಲ. ತೋರ್ಸು."

ನಾನು ನನ್ನ ಅತಿ ಒಳ್ಳೆಯ ಹಾಳೆ ತಂದು ಅವಳಿಂದ ಒಂದು ಮೊಳ ದೂರ ಇಟ್ಟೆ. ಅವಳು ಬಗ್ಗಿ ಬಹಳ ಹೊತ್ತು ನೋಡಿದಳು.

"ಛಲೋ ಅವ. ಆದರ ಎಲ್ಲಾ ಮಕ್ಕೊಂಡಾವ. ಒಂದನ್ನರ ಎಬ್ಬಸು."

"ನಿನ್ನವು ಏನ್ ಕುಣಿಯಾಕತ್ತಾವ?"

"ಕುಣಿಯಂಗಿಲ್ಲ. ಎದ್ದು ನಿಂತಾವ." ಆಮೇಲೆ ತಗ್ಗಿದ ದನಿಯಲ್ಲಿ, "ಕಲ್ಲಿನ ಮ್ಯಾಲ ಹೋದ ಮ್ಯಾಲ ಹ್ಯಾಂಗ ಕಾಣ್ತಾವ? ಉಲ್ಟಾ ಕಾಣ್ತಾವಂತಲ್ಲ, ಖರೇನ?"

"ಒಳಗ ಬಂದವ್ರಿಗಷ್ಟ ಕಾಣ್ತಾವ," ಅಂದೆ. ಆ ಮಾತು ಹೇಳಿದ ನನ್ನ ದನಿ ನನಗೆ ನೆನಪಿದೆ.

ಹೀಗೆ ಪುಸ್ತಕದ ಮೊದಲ ಮೂರು ಕತೆಗಳು ಮುಗಿದವು. ಅಪ್ಪ ಒಂದು ಸಂಜೆ ಉಣ್ಣುತ್ತ, ಮುಖಪುಟವನ್ನೂ ಚಂದಮ್ಮನೇ ಬರೆಯಲಿ, ಇಡೀ ಪುಸ್ತಕ ಒಂದೇ ಕೈಯದಾಗಲಿ ಎಂದ. ನನ್ನ ಕಡೆ ನೋಡಿ, ನಿನ್ನದು ಮುಂದಿನ ಪುಸ್ತಕ ಎಂದ. ತಟ್ಟೆಯ ಮೇಲೆ ನನ್ನ ರೊಟ್ಟಿ ಹಾಗೇ ಉಳಿಯಿತು. ಅದನ್ನು ಗಮನಿಸಿದವಳು ಅವ್ವ ಒಬ್ಬಳೇ. ಸಮಾಧಾನಕ್ಕೆಂದೋ ಏನೋ, ಮಾರನೆಯ ದಿನ ಊಟದ ನಂತರ ನನ್ನನ್ನು ಮುಂದೆ ಕೂರಿಸಿಕೊಂಡು ತಲೆಗೆ ಕುಸುಬಿ ಎಣ್ಣೆ ಹಚ್ಚಿ, ಬೈತಲೆ ತೆಗೆದು ಹೆಣೆದಳು.

ಆ ದಿನವೇ ಅದು. ನಾಲ್ಕನೆಯ ಕತೆಯ ಮೊದಲ ಪುಟವನ್ನು ಅಪ್ಪ ಕಲ್ಲಿಗೆ ಇಳಿಸಿದ್ದ. ಕಾಗದ ಬಿಡಿಸಿ ತೆಗೆದಿದ್ದ, ಗೋಂದಿನ ಬಟ್ಟಲು ಪಕ್ಕದಲ್ಲಿತ್ತು. ಅಷ್ಟರಲ್ಲಿ ಕಚೇರಿಯ ಜವಾನನೊಬ್ಬ ಏನೋ ನಮೂನೆಯ ಕಾಗದ ಹಿಡಿದು ಬಂದ. ಮುನ್ಷಿಗಳು ಕೂಗಿದರು, ಅಪ್ಪ ಎದ್ದು ಓಣಿಗೆ ಹೋದ. ನಾನು ಅಡುಗೆ ಮನೆಯ ಕಡೆಯಿಂದ ಬಂದೆ. ಕೈ ತೊಳೆಯಲಿಲ್ಲ. ಮೊದಲೇ ಹೇಳಿದಂತೆ, ಹೊಸ್ತಿಲಿನಿಂದ ಮೂರು ಹೆಜ್ಜೆ.

ಕಲ್ಲಿನ ಮೇಲೆ ಅವಳ ಅಕ್ಷರಗಳು ತಿರುಗಿ ನಿಂತಿದ್ದವು. ತಿರುಗಿದ್ದರೂ ನಿಂತೇ ಇದ್ದವು, ಮಲಗಿರಲಿಲ್ಲ. ಬಲಗೈಯನ್ನು ಹಣೆಯ ಮೇಲಿನಿಂದ ಹಿಂದಕ್ಕೆ, ಕೂದಲ ಗುಂಟ ಒಮ್ಮೆ ಸವರಿಕೊಂಡೆ. ಬೇಕೆಂದೇ ಸವರಿಕೊಂಡೆ. ಅಂಗೈ ಹೊಳೆಯಿತು. ಆ ಕೈಯನ್ನು, ಐದೂ ಬೆರಳು ಅಗಲಿಸಿ, ಪುಟದ ನಟ್ಟನಡುವೆ ಇಟ್ಟೆ. ಬಡಿಯಲಿಲ್ಲ, ಉಜ್ಜಲಿಲ್ಲ. ಇಟ್ಟೆ, ಒತ್ತಿದೆ. ಕಲ್ಲು ಇನ್ನೂ ಬೆಚ್ಚಗಿತ್ತು, ದನದ ಮೈ ಬೆಚ್ಚಗಿರುವಂತೆ. ಎತ್ತಿದಾಗ ಅಲ್ಲಿ ಏನೂ ಕಾಣಲಿಲ್ಲ. ಏನೂ ಆಗಿಲ್ಲವೇನೋ ಎನ್ನಿಸಿ ಒಂದು ಗಳಿಗೆ ಸಂತೋಷವೂ ಆಯಿತು, ನಿರಾಸೆಯೂ ಆಯಿತು. ಎರಡೂ ಆಯಿತು. ತಲೆ ಎತ್ತಿದೆ. ಕಿಟಕಿಯ ಸರಳುಗಳ ಆಚೆ ಎರಡು ಕಣ್ಣು, ಮೂಗಿನ ತನಕದ ಮುಖ. ಚಂದಮ್ಮ. ಕಸದ ಬಾಗಿಲಿನಿಂದ ಬಂದು ಬಾವಿಯ ಪಕ್ಕ ತುದಿಗಾಲಲ್ಲಿ ನಿಂತು, ತನ್ನ ಅಕ್ಷರ ಕಲ್ಲಿನ ಮೇಲೆ ಹೇಗಿರುತ್ತದೆ ಎಂದು ನೋಡುತ್ತಿದ್ದಳು. ನಾವು ಒಬ್ಬರನ್ನೊಬ್ಬರು ನೋಡಿದೆವು. ಆಮೇಲೆ ಅಲ್ಲಿ ಸರಳುಗಳಷ್ಟೇ ಉಳಿದವು.

ಅಪ್ಪ ಮರಳಿ ಬಂದು ಗೋಂದು ಸವರಿದ. ನಾನು ಅಷ್ಟರಲ್ಲಿ ಪಡಸಾಲೆಯ ಕಂಬದ ಬಳಿ ಇದ್ದೆ. ಮುನ್ಷಿಗಳು ಕಲ್ಲಿಗೆ ನೀರಿನ ಬಟ್ಟೆ ಆಡಿಸಲು ಒಳಗೆ ಹೋದರು. ಅಪ್ಪ ಉರುಳೆ ಎಳೆದ. ಮಸಿ ಹಿಡಿದು ಅಕ್ಷರಗಳು ಕಪ್ಪಾದವು. ಅವುಗಳ ನಡುವೆ, ಅವುಗಳ ಮೇಲೆ, ಒಂದು ಕೈ ಎದ್ದು ಬಂತು. ಮೊದಲು ಅಂಗೈ, ಆಮೇಲೆ ಒಂದೊಂದೇ ಬೆರಳು. ಅಪ್ಪನ ಉರುಳೆ ನಿಂತಿತು. ಅವನು ಕಲ್ಲಿನ ಮೇಲೆ ಒಂದು ಹಾಳೆ ಹಾಸಿ ಒತ್ತಿ ಎತ್ತಿದ. ಯಾಕೆ ಎತ್ತಿದ ಎಂದು ತಿಳಿಯದು. ಬಹುಶಃ ಕೈಗೆ ರೂಢಿಯಾದ ಕೆಲಸ.

ಆಯಿ ಬಂದಳು. ಹಾಳೆಯನ್ನು ಅಪ್ಪನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದಳು.

"ಒಳಗ ಬಂದಾಳ! ನಮ್ಮ ಮನ್ಯಾಗಿನ ಮಂದಿಗಿ ಕೈ ತೊಳಕೊಂಡು ಮುಟ್ಟೋದು ಗೊತ್ತದ. ನೋಡಿಲ್ಲಿ, ಎಡಗೈ! ಈ ಮನ್ಯಾಗ ಎಡಗೈಲೆ ಕೆಲಸ ಮಾಡೋರು ಯಾರದಾರ, ನೀನೇ ಹೇಳು!"

ಹಾಳೆಯ ಮೇಲೆ ಅದು ಎಡಗೈಯೇ. ಹೆಬ್ಬೆರಳು ಬಲಕ್ಕಿತ್ತು. ಆದರೆ ಕಲ್ಲಿನ ಮೇಲಿದ್ದದ್ದು ಕಾಗದಕ್ಕೆ ಬರುವಾಗ ತಿರುಗುತ್ತದೆ ಎಂಬುದು ಆಯಿಗೆ ಹೊಳೆಯಲಿಲ್ಲ. ಅವಳು ಆ ಕೋಣೆಯಲ್ಲಿ ಎಂದೂ ಕೆಲಸ ಮಾಡಿದವಳಲ್ಲ. ಕಾಗದದ ಮೇಲೆ ಎಡಗೈ ಎಂದರೆ ಕಲ್ಲನ್ನು ಮುಟ್ಟಿದ್ದು ಬಲಗೈ. ಇದು ಅಪ್ಪನಿಗೆ ಗೊತ್ತಿತ್ತು. ಖಾದರ್ ಮುನ್ಷಿಗಳಿಗೆ ಗೊತ್ತಿತ್ತು. ನನಗೆ ಗೊತ್ತಿತ್ತು. ನಲವತ್ತು ವರ್ಷ ಕಲ್ಲಿನ ಮೇಲೆ ತಿರುಗಿದ ಅಕ್ಷರ ಓದಿದವರು ಮುನ್ಷಿಗಳು.

"ಮಾಲಕ್..." ಎಂದರು ಮುನ್ಷಿಗಳು, ಅಷ್ಟಕ್ಕೇ ನಿಂತರು. ಅವರು ಅಪ್ಪನ ಮುಖ ನೋಡುತ್ತಿದ್ದರು.

ಅಪ್ಪ ಅವರ ಕಡೆ ನೋಡಲಿಲ್ಲ. ನನ್ನನ್ನು ಕೇಳಿದ.

"ನೀಲಾ, ನೀ ಇಲ್ಲೇ ಇದ್ದಿ. ಒಳಗ ಯಾರು ಬಂದಿದ್ರು?"

ಇಲ್ಲಿ ಬಹಳ ಸರಿಯಾಗಿ ಹೇಳಬೇಕು. ನಾನು ಸುಳ್ಳು ಆಡಲಿಲ್ಲ. ಬಾಯಿ ತೆರೆಯಲೇ ಇಲ್ಲ. ಮುಖವನ್ನು ಕಟ್ಟೆಯ ಕಡೆಗೆ ತಿರುಗಿಸಿದೆ, ಅಷ್ಟೆ. ಬಲಗೈಯನ್ನು ಉಟ್ಟಿದ್ದ ಪರಕಾರದ ನೆರಿಗೆಯಲ್ಲಿ ಹುದುಗಿಸಿಕೊಂಡಿದ್ದೆ.

ಕಟ್ಟೆಯ ಮೇಲೆ ಚಂದಮ್ಮ ತನ್ನ ಜಾಗದಲ್ಲಿ ಕೂತಿದ್ದಳು, ಹಲಗೆ ಮೊಣಕಾಲ ಮೇಲೆ. ಅಪ್ಪ ಹೊಸ್ತಿಲಿಗೆ ಹೋದ.

"ಚಂದಮ್ಮ, ಒಳಗ ಬಂದಿದ್ದೇನವಾ?"

"ಇಲ್ರೀ. ನಾ ಕಟ್ಟಿ ಬಿಟ್ಟು ಇಳದಿಲ್ರೀ."

"ಯಾರನ್ನರ ನೋಡ್ದೇನು?"

ಅವಳು ಅಪ್ಪನ ಭುಜದ ಮೇಲಿಂದ ನನ್ನನ್ನು ನೋಡಿದಳು.

"ಇಲ್ರೀ."

ಆ ರಾತ್ರಿ ಆಯಿ ಉಣ್ಣಲಿಲ್ಲ. ಕಲ್ಲಿನ ಕೋಣೆಗೆ ಗೋಮೂತ್ರ ಚಿಮುಕಿಸುವ ತನಕ, ಆ ಹುಡುಗಿ ಇನ್ನು ಕಟ್ಟೆ ಹತ್ತುವುದಿಲ್ಲ ಎಂದು ಅಪ್ಪ ಹೇಳುವ ತನಕ ನೀರೂ ಮುಟ್ಟುವುದಿಲ್ಲ ಎಂದಳು. ಅಪ್ಪ ಮೊದಮೊದಲು ದನಿ ಎತ್ತಿದ.

"ಎವ್ವಾ, ನಾ ಎಂಥಾ ಪುಸ್ತಕ ಛಾಪಸಾಕತ್ತೀನಿ, ನಿನಗ ತಿಳೀತದೇನು? ಅದೇ ಪುಸ್ತಕ ಬರ್ಯೋಕಿನ್ನ ಹೊರಗ ಹಾಕಂತಿ!"

"ಪುಸ್ತಕದಾಗ ಏನರ ಬರ್ಸು. ನಾ ಬ್ಯಾಡಂದೀನೇನು? ಮನಿ ಪುಸ್ತಕ ಅಲ್ಲ."

ಅಪ್ಪ ಒಂದು ಮಾತು ಹೇಳಿದ್ದರೆ ಸಾಕಿತ್ತು: ಇದು ಬಲಗೈ. ಆ ಮಾತು ಬಂದಿದ್ದರೆ ಅದು ಯಾರ ಬಲಗೈ ಎಂಬ ಮಾತೂ ಬರುತ್ತಿತ್ತು. ಅದಕ್ಕೇ ಹೇಳಲಿಲ್ಲ ಎನ್ನುವುದು ನನ್ನ ಊಹೆ. ಊಹೆ ಎಂದೇ ಬರೆಯುತ್ತಿದ್ದೇನೆ.

ಎರಡು ದಿನಕ್ಕೆ ಸಾಯಬಣ್ಣ ಬಂದ. ಓಣಿಯಲ್ಲೇ ನಿಂತ.

"ಸ್ವಲ್ಪ ದಿನ ಚಂದಮ್ಮ ಊರಾಗೇ ಇರ್ಲಿ, ಸಾಯಬಣ್ಣ. ಪುಸ್ತಕ ನಿಲ್ಲಂಗಿಲ್ಲ. ನಾ ಮಾತು ಕೊಟ್ಟೀನಿ."

"ಆಗ್ಲಿ ಧಣೇರ."

ಈ ಸಲ ಅಪ್ಪ ತಿದ್ದಲಿಲ್ಲ.

ಅಪ್ಪ ಆ ಕಲ್ಲಿನ ಪುಟವನ್ನು ಮರಳು ಹಾಕಿ ತಾನೇ ತಿಕ್ಕಿ ತೆಗೆದ. ಇಡೀ ಬೆಳಗ್ಗೆ ಆ ಸದ್ದು ಮನೆಯಲ್ಲಿತ್ತು. ಮಧ್ಯಾಹ್ನ ನನ್ನನ್ನು ಕರೆದು ಮುಂದೆ ಲೇಖನಿ ಇಟ್ಟ. ನಾಲ್ಕನೆಯ ಕತೆ, ಮುಖಪುಟ, ಎರಡೂ ನೀನು ಬರಿ ಎಂದ. ನಾನು ಬಯಸಿದ್ದೆಲ್ಲ ನನ್ನ ಮುಂದಿತ್ತು. ಹಿಂದಿನಂತೆ ಎರಡೂ ಅಂಗೈ ಚಾಚಿದೆ. ಅಪ್ಪ ಮೂಸಿ ನೋಡಲಿಲ್ಲ. ನನ್ನ ಬಲಗೈಯನ್ನು ಮಾತ್ರ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಅಗಲಿಸಿ, ಹಾಗೇ ಹಿಡಿದುಕೊಂಡಿದ್ದು ಬಿಟ್ಟ.

"ತೊಳಕೊಂಡ ಬಾ," ಎಂದ.

ತೊಳೆದುಕೊಂಡೇ ಬಂದಿದ್ದೆ. ಮತ್ತೆ ತೊಳೆದುಕೊಂಡು ಬಂದೆ. ಆ ಪುಸ್ತಕ ಮುಗಿಯುವ ತನಕ ಪ್ರತಿದಿನವೂ ಎರಡು ಸಲ ತೊಳೆಸಿದ. ಅದರ ಬಗ್ಗೆ ಒಂದು ಮಾತನ್ನೂ, ಸಾಯುವ ತನಕ, ಆಡಲಿಲ್ಲ.

ಪುಸ್ತಕ ಬೇಸಿಗೆಯಲ್ಲಿ ಹೊರಬಂತು. ಹೊಲಿದು ಮುಗಿದ ದಿನ ಅಪ್ಪ ಹತ್ತು ಪ್ರತಿ ಬಟ್ಟೆಯಲ್ಲಿ ಕಟ್ಟಿ, ನನ್ನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಕಮಲಾಪುರಕ್ಕೆ ಹೊರಟ. ನನ್ನನ್ನು ಯಾಕೆ ಕರೆದುಕೊಂಡು ಹೋದ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ತೋಟದ ಬೇಲಿಯ ಬಳಿ ಸಾಯಬಣ್ಣ ಸಿಕ್ಕ. ಪುಸ್ತಕವನ್ನು ಎದೆಗೆ ಒತ್ತಿಕೊಂಡ, ಮೂಸಿ ನೋಡಿದ, ಅತ್ತ. ಅಪ್ಪನೂ ಅವನೂ ಬಾಳೆಯ ನೆರಳಿಗೆ ಹೋಗಿ ಕೂತರು. ಚಂದಮ್ಮ ಕಾಲುವೆಯ ದಂಡೆಯ ಮೇಲೆ ಒಂದು ಪ್ರತಿ ಬಿಚ್ಚಿಕೊಂಡು ಕೂತಳು. ಮುಖಪುಟವನ್ನು ನೋಡಿದಳು. ಒಂದೊಂದೇ ಹಾಳೆ ತಿರುವುತ್ತ ಹೋದಳು; ನಾಲ್ಕನೆಯ ಕತೆಯ ಬಳಿ ಬೆರಳು ನಿಂತಿತು.

"ಇಲ್ಲಿಂದ ನಿಂದು."

"ಹೂಂ."

"ಇನ್ನೂ ಮಕ್ಕೊಂಡೇ ಅವ." ನಕ್ಕಳು. ಆಮೇಲೆ ನನ್ನ ಕೈಯನ್ನು ನೋಡಿದಳು. "ಕಲ್ಲಿನ ಮ್ಯಾಲ ನೀ ಇಟ್ಟದ್ದು ಬಲಗೈ. ಕಾಗದದ ಮ್ಯಾಲ ಎಡಗೈ ಆಗಿ ಬಂತಂತಲ್ಲ?"

ನಾನು ಆ ಕೈಯನ್ನು ಬೆನ್ನ ಹಿಂದಕ್ಕೆ ಒಯ್ದೆ.

"ಅಕ್ಷರ ತಿರುಗಿದ್ರ ಕೈನೂ ತಿರುಗ್ತದ. ಅವತ್ತೇ ಹೊಳೀತು ನನಗ. ನಿಮ್ಮಪ್ಪಗ ಹೊಳೀಲಿಲ್ಲೇನ?"

ಅಪ್ಪ ಕೂತಿದ್ದದ್ದು ಹತ್ತು ಮಾರು ದೂರದಲ್ಲಿ, ನಮ್ಮ ಕಡೆಗೆ ಬೆನ್ನು ಮಾಡಿ. ಅವನ ಮಾತು ಆ ಹೊತ್ತಿಗೆ ನಿಂತಿತ್ತು. ಕೇಳಿಸಿತೋ ಇಲ್ಲವೋ ನಾನು ಹೇಳಲಾರೆ.

"ಹೇಳಬೇಕಿತ್ತು ನೀ," ಅಂದೆ. ನನ್ನ ಬಾಯಿಂದ ಬಂದ ಮಾತು ಅದೇ. ನಾಚಿಕೆಯಾಗುತ್ತದೆ, ಆದರೆ ಬಂದದ್ದು ಅದೇ.

"ಏನಂತ ಹೇಳ್ಲಿ? ಕಿಡಕ್ಯಾಗಿಂದ ನೋಡ್ದೆ ಅಂದ್ರ, ನಿಮ್ಮ ಬಾವಿ ಹತ್ರ ಯಾಕ ಹೋಗಿದ್ದಿ ಅಂತಿದ್ರು. ನಿನಗಾದ್ರ ಕೈ ಅಷ್ಟ ತೊಳಿಸ್ತಿದ್ರು. ನಮ್ಮಪ್ಪಗ ಏನ್ ಮಾಡ್ತಿದ್ರೋ." ಪುಸ್ತಕ ಮುಚ್ಚಿದಳು. "ಒಂದ್ಸಲ ನೋಡಬೇಕಂತ ಬಂದಿದ್ದೆ, ನನ್ನ ಅಕ್ಷರ. ಎರಡು ಸಾಲು ಓದಿದ್ದೆ. ನಿನ್ನ ಕೈ ಅಡ್ಡ ಬಂತು."

ಅಪ್ಪ ಆಮೇಲೆ ಇನ್ನೂ ಆರು ಪುಸ್ತಕ ತಂದ. ಅವೆಲ್ಲ ನನ್ನ ಕೈಯವು. ನನಗೆ ಹೆಸರು ಬಂದದ್ದು ಅವುಗಳಿಂದ. ನಾನು ಬರೆಯುವವಳಾದದ್ದೂ ಆ ಕೋಣೆಯಿಂದಲೇ. ಸಾಯಬಣ್ಣನ ಪುಸ್ತಕದ ಒಂದು ಪ್ರತಿ ನನ್ನ ಬಳಿ ಇದೆ. ಅದನ್ನು ತೆರೆದಾಗ ಪಶ್ಚಾತ್ತಾಪ ಬರುತ್ತದೆ ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ಬರುತ್ತದೆ, ಆದರೆ ಎರಡನೆಯದಾಗಿ ಬರುತ್ತದೆ. ಕಣ್ಣು ಮೊದಲು ಹೋಗುವುದು ಅವಳ ಪುಟಗಳಿಗೆ, ಆ ಎದ್ದು ನಿಂತ ಅಕ್ಷರಗಳಿಗೆ. ಎದೆಯ ಕೆಳಗೆ, ಎಡಗಡೆ, ಅದೇ ಜಾಗದಲ್ಲಿ ಯಾರೋ ಇವತ್ತಿಗೂ ಬಟ್ಟೆ ಹಿಂಡುತ್ತಾರೆ. ಹಲ್ಲು ಬಿದ್ದ ಮುದುಕಿ ನಾನು. ಇನ್ನೂ ಅವಳ ಹಾಗೆ ಒಂದು ಅಕ್ಷರ ಬರೆಯಲಾರೆ.

ಆ ಹಾಳೆ, ಕೈ ಮೂಡಿದ ಹಾಳೆ, ಈಗಿಲ್ಲ. ಆಯಿ ಅದನ್ನು ಒಲೆಗೆ ಹಾಕಿದ್ದನ್ನು ನಾನು ಕಂಡಿದ್ದೇನೆ. ಹಾಳೆಯನ್ನು ನೋಡಿದವರಲ್ಲಿ ಆಯಿ ಹೋದಳು, ಖಾದರ್ ಮುನ್ಷಿಗಳು ಹೋದರು, ಅಪ್ಪ ಹೋದ. ಆದರೆ ಅವರು ನೋಡಿದ್ದು ಕಾಗದವನ್ನು. ಕಲ್ಲಿನ ಮೇಲೆ ಕೈ ಇಟ್ಟದ್ದನ್ನು ಕಂಡವರು ಬೇರೆ. ಕಮಲಾಪುರದಲ್ಲಿ, ಕಾಲುವೆಯ ಆಚೆಗಿನ ಕೇರಿಯ ಮೂರನೆಯ ಮನೆಯಲ್ಲಿ ಒಬ್ಬರಿದ್ದಾರೆ. ಊರಿನವರು ಇಂದಿಗೂ ಅರ್ಜಿ, ಕಾಗದ ಬರೆಸಲು ಅವರ ಬಾಗಿಲಿಗೆ ಹೋಗುತ್ತಾರೆ. ಹಲಗೆಯನ್ನು ಅಡ್ಡಕ್ಕೆ ತಿರುಗಿಸಿಕೊಂಡು ಎಡಗೈಯಲ್ಲಿ ಬರೆದುಕೊಡುತ್ತಾರೆ. ನಾನು ಹೇಳಿದ್ದರಲ್ಲಿ ಹೆಚ್ಚು ಕಡಿಮೆ ಇದ್ದರೆ ಅವರನ್ನು ಕೇಳಬಹುದು. ಹೆಸರು ಚಂದಮ್ಮ, ಸಾಯಬಣ್ಣನ ಮಗಳು. ಕಿಟಕಿಯಲ್ಲಿ ನಿಂತು ಕಂಡವರು ಅವರೊಬ್ಬರೇ. ಬದುಕಿದ್ದಾರೆ.